ಚಳಿ ಕಳೆಯುವ ಹೊತ್ತಿಗೆ ಕೈತೋಟದಲ್ಲಿ ಏನೇನು ಗಮನಿಸಬೇಕು, ಹೇಗೆ ಬರೆದಿಡಬೇಕು?

ಚಳಿ ಕಡಿಮೆಯಾಗುತ್ತಾ ಬಂದ ಹಾಗೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ತೋಟಕ್ಕೆ ಹಕ್ಕಿ, ಚಿಟ್ಟೆ ಎಲ್ಲ ಬರೋಕೆ ಶುರುವಾಗಿದೆ. ಬರೆದಿಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋದು?" ಇದರ ಬೆನ್ನಿಗೇ ಇನ್ನೊಂದು: "ನಮ್ಮದು ನಾಲ್ಕು ಕುಂಡ, ಒಂದು ಗಿಡ. ಅದರಲ್ಲಿ ನೋಡೋಕೆ ಏನಿರುತ್ತೆ?"

ಎರಡನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಜಾಗ ಚಿಕ್ಕದಿದ್ದಷ್ಟೂ ಸುಲಭ. ದೊಡ್ಡ ಕಾಡಿನಲ್ಲಿ ಒಂದು ಹೂ ಯಾವ ದಿನ ಬಿರಿಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ನಾಲ್ಕು ಕುಂಡಗಳಲ್ಲಿ ಅದು ನಿಮಗೆ ಗೊತ್ತಾಗುತ್ತದೆ, ಗಂಟೆ ಸಮೇತ.

ಮೊದಲ ಪ್ರಶ್ನೆಗೆ ಉತ್ತರ ಉದ್ದವಿದೆ, ಹಂತ ಹಂತವಾಗಿ ಕೆಳಗೆ ಬರೆದಿದ್ದೇನೆ. ಅದಕ್ಕೂ ಮುಂಚೆ ಒಂದು ಮಾತು. ಹಕ್ಕಿ, ಹುಳುಗಳಿಗೆ ಒಂದು ಪುಸ್ತಕ, ಹವಾಮಾನಕ್ಕೆ ಇನ್ನೊಂದು ಪುಸ್ತಕ ಅಂತ ಮಾಡಬೇಡಿ. ಎರಡೂ ಒಂದೇ ಸಾಲಿನಲ್ಲಿರಲಿ. "ಇವತ್ತು ಜೇನುನೊಣ ಬಂತು" ಅಂತ ಬರೆದರೆ ಮುಂದಿನ ವರ್ಷ ಅದರಿಂದ ಏನೂ ತಿಳಿಯುವುದಿಲ್ಲ. "ರಾತ್ರಿ ಕನಿಷ್ಠ 9 ಡಿಗ್ರಿ. ಬೆಳಿಗ್ಗೆ 9ರವರೆಗೆ ಜೇನುನೊಣ ಒಂದೂ ಇಲ್ಲ. 10.20ಕ್ಕೆ ಬಿಸಿಲು ಬಿದ್ದ ಮೇಲೆ ನಿಂಬೆ ಹೂವಿನಲ್ಲಿ ನಾಲ್ಕು" ಅಂತ ಬರೆದರೆ, ಅವು ಯಾಕೆ ಬಂದವು ಅನ್ನುವ ಸುಳಿವೂ ಅದೇ ಸಾಲಿನಲ್ಲಿ ಇರುತ್ತದೆ.

ಯಾವಾಗ ಶುರು ಮಾಡಬೇಕು?

ಹವಾಮಾನದವರ ಲೆಕ್ಕದಲ್ಲಿ ಉತ್ತರಾರ್ಧ ಗೋಳದಲ್ಲಿ ವಸಂತ ಮಾರ್ಚ್ 1ಕ್ಕೆ ಶುರು, ದಕ್ಷಿಣಾರ್ಧದಲ್ಲಿ ಸೆಪ್ಟೆಂಬರ್ 1ಕ್ಕೆ. ಖಗೋಳದವರು ಹಗಲು ರಾತ್ರಿ ಹೆಚ್ಚುಕಡಿಮೆ ಸಮವಾಗುವ ದಿನದಿಂದ ಎಣಿಸುತ್ತಾರೆ. ಉತ್ತರಾರ್ಧಕ್ಕೆ ಅದು ಮಾರ್ಚ್ 20ರ ಆಸುಪಾಸು. ನಿಮ್ಮ ತೋಟ ಈ ಎರಡು ಲೆಕ್ಕವನ್ನೂ ಕೇಳುವುದಿಲ್ಲ. ಹಾಗಾಗಿ ಮೂರು ನಾಲ್ಕು ವಾರ ಮುಂಚೆಯೇ ಶುರು ಮಾಡಿ. ಹೂ ಕಂಡ ಮೇಲೆ ನೋಡಲು ಕೂತರೆ, ಮೊದಲ ಹೂ ಯಾವ ದಿನ ಬಿಟ್ಟಿತು ಅಂತ ಹೇಳಲು ಆಗುವುದೇ ಇಲ್ಲ. ಹಿಂದಿನ ದಿನ "ಇನ್ನೂ ಇಲ್ಲ" ಅಂತ ಬರೆದಿದ್ದರೆ ಮಾತ್ರ ಇವತ್ತಿನದು ಮೊದಲ ಹೂ.

ಹೀಗೆ ಋತುವಿನ ಜೊತೆ ಗಿಡ, ಪ್ರಾಣಿಗಳಲ್ಲಿ ಆಗುವ ಬದಲಾವಣೆಗಳ ತಾರೀಕು ಬರೆದಿಡುವ ಅಧ್ಯಯನಕ್ಕೆ ಫಿನಾಲಜಿ ಅಂತ ಹೆಸರು. ಇಂಗ್ಲೆಂಡಿನಲ್ಲಿ ರಾಬರ್ಟ್ ಮಾರ್ಶಮ್ ಎಂಬವರು 1736ರಲ್ಲಿ ತಮ್ಮ ಜಮೀನಿನಲ್ಲಿ ಮೊದಲ ಹೂ, ಮೊದಲ ಎಲೆ, ಮೊದಲ ಹಕ್ಕಿ ಕೂಗಿನ ತಾರೀಕು ಬರೆಯಲು ಶುರು ಮಾಡಿದರು. ಅವರ ಮನೆತನದವರು ಅದನ್ನು 1958ರವರೆಗೂ ಮುಂದುವರಿಸಿದರು. ಹವಾಮಾನ ಬದಲಾವಣೆ ಅಧ್ಯಯನ ಮಾಡುವವರು ಇವತ್ತಿಗೂ ಆ ದಾಖಲೆ ಬಳಸುತ್ತಾರೆ. ಶುರುವಾಗಿದ್ದು ಮಾತ್ರ ಒಂದು ನೋಟ್‌ಬುಕ್ಕಿನಿಂದ.

ಏನೇನು ಬೇಕು?

ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್. ಪೆನ್ನು ಬೇಡ, ಇಬ್ಬನಿ ತಾಗಿದರೂ ಶಾಯಿ ಹರಡುತ್ತದೆ. ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಒಂದು ಥರ್ಮಾಮೀಟರ್. ನೇರ ಗೋಡೆಯ ಪಾರದರ್ಶಕ ಬಾಟಲಿ, ಸ್ಕೇಲು, ಬಣ್ಣದ ದಾರ. ಇಷ್ಟಿದ್ದರೆ ಸಾಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಇದ್ದರೆ ಹುಳುಗಳಿಗೆ ತುಂಬಾ ಒಳ್ಳೆಯದು. ದುರ್ಬೀನು ಆಮೇಲೆ ನೋಡಿಕೊಳ್ಳಬಹುದು. ಕೊಳ್ಳುವುದಾದರೆ 8×32 ಅಥವಾ 8×42 ನೋಡಿ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 12 ಪಟ್ಟಿನದು ಇನ್ನೂ ಚೆನ್ನಾಗಿರುತ್ತದೆ ಅಂತ ಅನ್ನಿಸಬಹುದು. ಆದರೆ ಕೈ ನಡುಗಿದ್ದೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತದೆ. ತೋಟಕ್ಕೆ 8 ಸಾಕು.

1. ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ

ದಿನಾ ಕೂರುವ ಜಾಗ ಒಂದೇ ಇರಲಿ. ಹೊತ್ತೂ ಒಂದೇ ಇರಲಿ. ಸೂರ್ಯ ಹುಟ್ಟಿದ ಒಂದು ಗಂಟೆಯೊಳಗೆ ಆದರೆ ಉತ್ತಮ, ಆಗದಿದ್ದರೆ ನಿಮಗೆ ದಿನಾ ಸಾಧ್ಯವಾಗುವ ಯಾವ ಹೊತ್ತಾದರೂ ಸರಿ. 15 ನಿಮಿಷ ಸಾಕು. ಮೊದಲ ಐದು ನಿಮಿಷ ಏನೂ ಬರೆಯಬೇಡಿ, ಸುಮ್ನೆ ಕೂತಿರಿ. ನೀವು ಬಂದ ಸದ್ದಿಗೆ ಹಾರಿಹೋದ ಹಕ್ಕಿಗಳು ಅಷ್ಟರಲ್ಲಿ ಒಂದೊಂದಾಗಿ ವಾಪಸು ಬರುತ್ತವೆ. ಎದ್ದು ಓಡಾಡುತ್ತಾ ನೋಡುವವರಿಗೆ ಕಾಣುವುದು ಬರೀ ಹಾರಿಹೋಗುವ ಬೆನ್ನುಗಳು.

2. ತೋಟದ ನಕ್ಷೆ ಬರೆಯಿರಿ

ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ. ದಿಕ್ಕು ಗುರುತಿಸಿ, ಬಿಸಿಲು ಮೊದಲು ಎಲ್ಲಿ ಬೀಳುತ್ತದೆ ಅಂತ ಗುರುತಿಸಿ, ಗಿಡಗಳಿಗೆ ನಂಬರು ಕೊಡಿ. "ಗೇಟಿನ ಹತ್ತಿರದ ಗುಲಾಬಿ" ಅನ್ನುವ ಬದಲು "3" ಅಂತ ಬರೆದರೆ ಸಾಕಾಗುತ್ತದೆ. ಒಣಗಿದ ಎಲೆ ಬಿದ್ದಿರುವ ಮೂಲೆಯನ್ನೂ ನಕ್ಷೆಯಲ್ಲಿ ಹಾಕಿ. ಅದನ್ನು ಈಗಲೇ ಗುಡಿಸಬೇಡಿ. ಚಳಿಯಲ್ಲಿ ಎಷ್ಟೋ ಹುಳುಗಳು, ಅವುಗಳ ಮೊಟ್ಟೆ, ಕೋಶಗಳು ಉಳಿದಿರುವುದು ಅಲ್ಲೇ.

3. ಥರ್ಮಾಮೀಟರ್ ಸರಿಯಾದ ಜಾಗದಲ್ಲಿಡಿ

ಜಾಸ್ತಿ ತಪ್ಪಾಗುವುದು ಇಲ್ಲಿಯೇ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ನೀವು ಅಳೆಯುವುದು ಗೋಡೆಯ ಬಿಸಿಯನ್ನು. ಬಿಸಿಲಿಗೆ ಇಟ್ಟರೆ ಅಳೆಯುವುದು ಥರ್ಮಾಮೀಟರಿನ ಪ್ಲಾಸ್ಟಿಕ್ ಎಷ್ಟು ಕಾದಿದೆ ಅನ್ನುವುದನ್ನು. ನಮಗೆ ಬೇಕಿರುವುದು ಗಾಳಿಯ ತಾಪಮಾನ. ಅದಕ್ಕೆ ಮೂರು ಷರತ್ತು: ಪೂರ್ತಿ ನೆರಳು, ಗಾಳಿಯಾಡುವ ಜಾಗ, ನೆಲದಿಂದ ಸುಮಾರು 1.25ರಿಂದ 2 ಮೀಟರ್ ಎತ್ತರ. ಕೆಳಗೆ ಹುಲ್ಲೋ ಮಣ್ಣೋ ಇರಲಿ, ಕಾಂಕ್ರೀಟ್ ಬೇಡ.

ಹವಾಮಾನ ಕೇಂದ್ರಗಳಲ್ಲಿ ಇದಕ್ಕೆಂದೇ ಬಿಳಿ ಬಣ್ಣದ, ಸುತ್ತಲೂ ಓರೆ ಪಟ್ಟಿಗಳಿರುವ ಮರದ ಪೆಟ್ಟಿಗೆ ಇರುತ್ತದೆ. ಅದನ್ನು ಸ್ಟೀವನ್‌ಸನ್ ಪೆಟ್ಟಿಗೆ ಅನ್ನುತ್ತಾರೆ. ಬಿಸಿಲು ಒಳಗೆ ಬರಬಾರದು, ಗಾಳಿ ಮಾತ್ರ ಹಾಯಬೇಕು, ಅದರ ಕೆಲಸ ಅಷ್ಟೇ. ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಎರಡು ಬೆರಳು ಅಂತರ ಬಿಟ್ಟು, ಒಂದರ ಮೇಲೊಂದು ಜೋಡಿಸಿದರೆ ಮನೆಯಲ್ಲೇ ಅಂಥದ್ದು ತಯಾರಾಗುತ್ತದೆ. ಒಳಗಿನ ತಟ್ಟೆಗಳ ನಡುಭಾಗ ಕತ್ತರಿಸಿ ಥರ್ಮಾಮೀಟರ್‌ಗೆ ಜಾಗ ಮಾಡಿ.

ಇನ್ನೊಂದು ತಪ್ಪು ತಾರೀಕಿನದು. ನೀವು ಬೆಳಿಗ್ಗೆ 8ಕ್ಕೆ ಓದಿದಾಗ ಕಾಣುವ ಕನಿಷ್ಠ ತಾಪಮಾನ ಸಾಮಾನ್ಯವಾಗಿ ಇವತ್ತು ಸೂರ್ಯೋದಯದ ಹೊತ್ತಿನದು. ಗರಿಷ್ಠ ಮಾತ್ರ ನಿನ್ನೆ ಮಧ್ಯಾಹ್ನದ್ದು. ಅದನ್ನು ನಿನ್ನೆಯ ಸಾಲಿಗೆ ಸೇರಿಸಿ. ಓದಿದ ಮೇಲೆ ಮರೆಯದೆ ರೀಸೆಟ್ ಮಾಡಿ.

"ಮೊಬೈಲ್ ತೋರಿಸುತ್ತಲ್ವಾ, ಮತ್ತೆ ಇದೆಲ್ಲ ಯಾಕೆ?" ಅಂತ ಕೇಳುವವರಿದ್ದಾರೆ. ಮೊಬೈಲ್ ಹೇಳುವುದು ನಿಮ್ಮ ಇಡೀ ಪ್ರದೇಶಕ್ಕೆ ಕಂಪ್ಯೂಟರ್ ಮಾಡಿದ ಅಂದಾಜು. ನಿಮ್ಮ ಗೋಡೆಯ ನೆರಳು, ತಗ್ಗಿನಲ್ಲಿ ನಿಲ್ಲುವ ತಣ್ಣನೆಯ ಗಾಳಿ ಅದಕ್ಕೆ ಗೊತ್ತಿಲ್ಲ. ಹುಳು ಬದುಕುತ್ತಿರುವುದು ಆ ನೆರಳಿನಲ್ಲಿ, ಆ ತಗ್ಗಿನಲ್ಲಿ.

4. ಮಳೆ ಅಳೆಯಿರಿ

ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಕೂರಿಸಿ. ತಳ ಉಬ್ಬುತಗ್ಗಾಗಿದ್ದರೆ ಕಲ್ಲುಹರಳು ಹಾಕಿ, ನೇರ ಗೋಡೆ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಮಾಡಿ. ಅದರ ಮೇಲೆ ನಿಂತ ನೀರಿನ ಎತ್ತರವೇ ಮಳೆ. 1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಬಿಸಿಲಿಗೆ ಸೊನ್ನೆಯಿಂದ ನೀರು ಕೆಳಗಿಳಿದಿದ್ದರೆ ದಿನಾ ಮತ್ತೆ ತುಂಬಿ. ಬಾಟಲಿಗಿಂತ ಅಗಲವಾದ ಬೇರೆ ಆಲಿಕೆ ಇಡಬೇಡಿ, ಅದು ಜಾಸ್ತಿ ಮಳೆ ಹಿಡಿದು ಲೆಕ್ಕ ಕೆಡಿಸುತ್ತದೆ.

ಮರದ ಕೆಳಗೆ, ಸೂರಿನ ಅಂಚಿಗೆ ಇಡಬೇಡಿ. ಹತ್ತಿರದ ಗೋಡೆ ಅಥವಾ ಗಿಡ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇರಲಿ. ಮಳೆ ಇಲ್ಲದ ದಿನ 0 ಅಂತ ಬರೆಯಿರಿ. ನೋಡಲು ಆಗದ ದಿನ ಒಂದು ಗೀಟು ಎಳೆಯಿರಿ. ಈ ಎರಡಕ್ಕೂ ತುಂಬಾ ವ್ಯತ್ಯಾಸವಿದೆ. ನಾಲ್ಕು ಹನಿ ಬಿದ್ದು ಅಳತೆಗೆ ಸಿಗದಿದ್ದರೆ "ಹನಿ" ಅಂತ ಬರೆದರಾಯಿತು.

5. ಗಾಳಿ, ಮೋಡ, ಇಬ್ಬನಿಗೆ ಕಣ್ಣೇ ಸಾಕು

ಗಾಳಿಗೆ 1805ರಲ್ಲಿ ಫ್ರಾನ್ಸಿಸ್ ಬೋಫರ್ಟ್ ಎಂಬ ನೌಕಾಧಿಕಾರಿ ರೂಪಿಸಿದ 0ಯಿಂದ 12ರ ಅಳತೆ ಇದೆ. ತೋಟಕ್ಕೆ ಮೊದಲ ಐದಾರು ಸಾಕು. ಹೊಗೆ ನೇರ ಮೇಲೆ ಹೋದರೆ 0. ಹೊಗೆ ಮಾತ್ರ ವಾಲಿದರೆ 1. ಮುಖಕ್ಕೆ ಗಾಳಿ ತಾಗಿ ಎಲೆ ಸರಪರ ಅಂದರೆ 2. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಅಲ್ಲಾಡಿದರೆ 3. ಧೂಳು ಎದ್ದು ಕಾಗದ ಹಾರಿದರೆ 4. ಎಲೆ ತುಂಬಿದ ಸಣ್ಣ ಮರಗಳು ತೂಗಿದರೆ 5. ಗಾಳಿ ಎಲ್ಲಿಂದ ಬರುತ್ತದೋ ಅದೇ ಅದರ ದಿಕ್ಕು. ಪಡುವಣ ಗಾಳಿ ಅಂದರೆ ಪಡುವಣದಿಂದ ಬಂದದ್ದು. ತುಂಬಾ ಜನ ಇದನ್ನು ಉಲ್ಟಾ ಬರೆಯುತ್ತಾರೆ.

ಮೋಡಕ್ಕೆ ಆಕಾಶವನ್ನು ಎಂಟು ಭಾಗ ಮಾಡಿ. ಎಂಟರಲ್ಲಿ ಎಷ್ಟು ಮುಚ್ಚಿದೆ ಅಂತ ಬರೆಯಿರಿ. ಹವಾಮಾನದವರೂ ಹೀಗೇ ಬರೆಯುವುದು, ಒಂದೊಂದು ಭಾಗಕ್ಕೂ ಅವರು ಆಕ್ಟಾ ಅನ್ನುತ್ತಾರೆ.

ಇಬ್ಬನಿಯನ್ನು ದಯವಿಟ್ಟು ಬಿಡಬೇಡಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲದ ಬಿಸಿ ಆಕಾಶಕ್ಕೆ ಹೋಗಿಬಿಡುತ್ತದೆ. ಹುಲ್ಲು ಮೇಲಿನ ಗಾಳಿಗಿಂತ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅದರ ಮೇಲೆ ಹನಿಯಾಗಿ ಕೂರುತ್ತದೆ. ಬೆಳಿಗ್ಗೆ ಬಗ್ಗಿ ನೋಡಿ. ಬಯಲಿನ ಹುಲ್ಲು ಒದ್ದೆ, ಮರದ ಕೆಳಗಿನ ಹುಲ್ಲು ಒಣ. ಮರದ ಕೊಂಬೆಗಳೇ ಅಲ್ಲಿ ಮೋಡದ ಕೆಲಸ ಮಾಡಿವೆ. ತುಂಬಾ ಚಳಿ ಇರುವ ಕಡೆಯಾದರೆ ಥರ್ಮಾಮೀಟರ್ 2 ಅಥವಾ 3 ಡಿಗ್ರಿ ತೋರಿಸುತ್ತಿದ್ದರೂ ಹುಲ್ಲಿನ ಮೇಲೆ ಹಿಮ ಕಟ್ಟಿರುತ್ತದೆ. "ಸೊನ್ನೆಗೆ ಇಳಿದೇ ಇಲ್ಲ, ಆದರೂ ಚಿಗುರು ಸುಟ್ಟಿದೆ" ಅನ್ನುವವರಿಗೆ ಕಾರಣ ಇದೇ. ಎಳೆ ಸಸಿಗಳಿಗೆ ಆಕಾಶ ಸ್ವಚ್ಛವಿರುವ ಸಂಜೆ ಹೊದಿಕೆ ಹಾಕಿ.

6. ಮೂರು ಗಿಡಗಳಿಗೆ ದಾರ ಕಟ್ಟಿ

ಎಲ್ಲ ಗಿಡ ನೋಡಲು ಹೋದರೆ ವಾರದಲ್ಲಿ ಸಾಕಾಗಿಬಿಡುತ್ತದೆ. ಮೂರು ಗಿಡ ಆರಿಸಿ. ಪ್ರತಿಯೊಂದರಲ್ಲೂ ಒಂದು ಕೊಂಬೆಗೆ ಬಣ್ಣದ ದಾರ ಸಡಿಲವಾಗಿ ಕಟ್ಟಿ. ಅದೇ ಕೊಂಬೆಯನ್ನು ಎರಡು ದಿನಕ್ಕೊಮ್ಮೆ ನೋಡಿ. ಮೊಗ್ಗು ಊದಿದ್ದು, ಮೊಗ್ಗಿನ ತುದಿಯಲ್ಲಿ ಹಸಿರು ಕಂಡದ್ದು, ಮೊದಲ ಎಲೆ ಪೂರ್ತಿ ಬಿಚ್ಚಿದ್ದು, ಮೊದಲ ಹೂ, ಅರ್ಧದಷ್ಟು ಹೂ, ಮೊದಲ ಮಿಡಿ, ಇವುಗಳ ತಾರೀಕು ಬೇಕು. "ಹೂ ಬಿಟ್ಟಿತು" ಅಂದರೆ ಏನು ಅಂತ ಮೊದಲೇ ತೀರ್ಮಾನಿಸಿ. ದಳ ಬಿಚ್ಚಿ ಒಳಗಿನ ಕೇಸರ ಕಂಡರೆ ಹೂ, ಇಲ್ಲದಿದ್ದರೆ ಮೊಗ್ಗು. ವರ್ಷ ವರ್ಷ ಈ ನಿಯಮ ಬದಲಾಯಿಸಬೇಡಿ.

7. ಹಕ್ಕಿಗಳಲ್ಲಿ ಹೆಸರಿಗಿಂತ ಕೆಲಸ ನೋಡಿ

ಹೆಸರು ಗೊತ್ತಿಲ್ಲ ಅಂತ ಹಿಂಜರಿಯಬೇಡಿ. "ಗುಬ್ಬಚ್ಚಿಗಿಂತ ದೊಡ್ಡದು, ಮೈನಾಕ್ಕಿಂತ ಸಣ್ಣದು, ಬಾಲ ಕುಣಿಸುತ್ತದೆ, ನೆಲದಲ್ಲೇ ಓಡಾಡುತ್ತದೆ" ಅಂತ ಬರೆದರೂ ಅದು ಒಳ್ಳೆಯ ದಾಖಲೆ. ಹೆಸರು ಆಮೇಲೆ ಸಿಗುತ್ತದೆ.

ಈ ಕಾಲದಲ್ಲಿ ಹಗಲು ಉದ್ದವಾಗುತ್ತಿರುತ್ತದೆ. ಅದರ ಜೊತೆಗೇ ಹಕ್ಕಿಗಳ ಮೈಯಲ್ಲಿ ಬದಲಾವಣೆಯಾಗಿ ಹಾಡು ಜಾಸ್ತಿಯಾಗುತ್ತದೆ. ಹಾಡು ಜೋರಾಗಿರುವುದು ಸೂರ್ಯೋದಯಕ್ಕಿಂತ ಮುಂಚಿನ ಅರ್ಧ ಗಂಟೆಯಲ್ಲಿ. ವಾರಕ್ಕೊಮ್ಮೆಯಾದರೂ ಆ ಹೊತ್ತಿಗೆ ಎದ್ದು, ಮೊದಲ ಕೂಗು ಎಷ್ಟು ಗಂಟೆಗೆ ಕೇಳಿತು ಅಂತ ಬರೆಯಿರಿ.

ಆಮೇಲೆ ಕೊಕ್ಕು ನೋಡಿ. ಕೊಕ್ಕಿನಲ್ಲಿ ಕಡ್ಡಿ, ನಾರು, ಹತ್ತಿ ಇದ್ದರೆ ಗೂಡು ಕಟ್ಟುತ್ತಿದೆ. ಹುಳು ಹಿಡಿದು ತಾನು ತಿನ್ನದೆ ಹಾರಿಹೋದರೆ ಎಲ್ಲೋ ಮರಿಗಳಿವೆ. ಗೂಡಿನ ಕಡೆಯಿಂದ ಬಿಳಿ ಮುದ್ದೆಯಂಥದ್ದನ್ನು ಕೊಕ್ಕಿನಲ್ಲಿ ಹಿಡಿದು ಹೋಗುತ್ತಿದ್ದರೆ, ಅದು ಮರಿಯ ಹಿಕ್ಕೆ. ತೆಳುವಾದ ಚೀಲದೊಳಗೆ ಬಂದದ್ದನ್ನು ತಾಯಿಯೋ ತಂದೆಯೋ ದೂರ ಒಯ್ದು ಹಾಕುತ್ತದೆ. ಈ ಒಂದು ನೋಟ ಸಿಕ್ಕಿದರೆ ಗೂಡಿನ ಹತ್ತಿರ ಹೋಗುವ ಅಗತ್ಯವೇ ಇಲ್ಲ, ಮರಿಗಳಿವೆ ಅನ್ನುವುದು ಖಾತ್ರಿ.

ಎಣಿಸುವಾಗ ಒಂದು ಎಚ್ಚರಿಕೆ. 15 ನಿಮಿಷದಲ್ಲಿ ಒಂದೇ ಗುಬ್ಬಚ್ಚಿ ಐದು ಸಲ ಬಂದು ಹೋಗಬಹುದು. ಕೂಡಿಸುತ್ತಾ ಹೋದರೆ ಐದು ಗುಬ್ಬಚ್ಚಿ ಅಂತ ಆಗುತ್ತದೆ. ಹಾಗಾಗಿ ಒಂದೇ ಹೊತ್ತಿಗೆ ಒಟ್ಟಿಗೆ ಕಂಡ ಅತಿ ಹೆಚ್ಚಿನ ಸಂಖ್ಯೆಯನ್ನು ಮಾತ್ರ ಬರೆಯಿರಿ. ಮೊಬೈಲಿನ ಆ್ಯಪ್ ಕೂಗು ಕೇಳಿ ಹೆಸರು ಹೇಳಿದರೆ ಅದನ್ನು ಸುಳಿವು ಅಂತ ಇಟ್ಟುಕೊಳ್ಳಿ, ಕಣ್ಣಿಗೆ ಕಂಡ ಮೇಲೆ ಬರೆಯಿರಿ. ಮೊಬೈಲಿನಿಂದ ಹಕ್ಕಿಯ ಕೂಗು ಹಾಕಿ ಕರೆಯಲೇಬೇಡಿ. ಬೇರೆ ಗಂಡು ತನ್ನ ಜಾಗಕ್ಕೆ ನುಗ್ಗಿದೆ ಅಂತ ಅದು ಗೂಡು, ಮರಿ ಬಿಟ್ಟು ಹೋರಾಟಕ್ಕೆ ಬರುತ್ತದೆ.

ರೆಕ್ಕೆಪುಕ್ಕ ಬಂದ ಮರಿ ನೆಲದಲ್ಲಿ ಕೂತಿದ್ದರೆ ಎತ್ತಿಕೊಂಡು ಬರಬೇಡಿ. ಹಾರಲು ಕಲಿಯುತ್ತಿದೆ, ಅಪ್ಪ ಅಮ್ಮ ಹತ್ತಿರದಲ್ಲೇ ಇರುತ್ತವೆ. ಬೆಕ್ಕನ್ನು ಒಳಗೆ ಹಾಕಿ. ಪುಕ್ಕವೇ ಬಾರದ ಮರಿ ಬಿದ್ದಿದ್ದರೆ, ಗೂಡು ಕೈಗೆಟಕಿದರೆ ವಾಪಸು ಇಡಿ. ಮನುಷ್ಯ ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವ ಮಾತು ನಿಜವಲ್ಲ.

ನೀರಿನ ತಟ್ಟೆ ಇಡುವುದಾದರೆ ಎರಡು ಮೂರು ಸೆಂ.ಮೀ. ಆಳ ಸಾಕು, ಒಳಗೊಂದು ಕಲ್ಲು ಇರಲಿ. ಎರಡು ದಿನಕ್ಕೊಮ್ಮೆ ಉಜ್ಜಿ ತೊಳೆದು ನೀರು ಬದಲಾಯಿಸಿ. ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು.

8. ಹುಳುಗಳು: ನನ್ನ ಪ್ರಕಾರ ತೋಟದ ನಿಜವಾದ ಕಥೆ ಇರುವುದು ಇಲ್ಲಿ

ಬೆಳಿಗ್ಗೆ ಬಿಸಿಲು ಮೊದಲು ಬೀಳುವ ಗೋಡೆಯ ಹತ್ತಿರ ಹೋಗಿ. ಒಂದು ಚಿಟ್ಟೆ ರೆಕ್ಕೆ ಪೂರ್ತಿ ಅಗಲಿಸಿ, ಸೂರ್ಯನಿಗೆ ಬೆನ್ನು ಕೊಟ್ಟು ಕೂತಿರಬಹುದು. ಮೈ ಕಾಯಿಸಿಕೊಳ್ಳುತ್ತಿದೆ. ಹಾರುವ ಸ್ನಾಯುಗಳು ಸಾಮಾನ್ಯವಾಗಿ 30 ಡಿಗ್ರಿ ಆಸುಪಾಸಿಗೆ ಬಿಸಿಯಾಗುವವರೆಗೆ ಅದಕ್ಕೆ ಸರಿಯಾಗಿ ಹಾರಲು ಬರುವುದಿಲ್ಲ. ಮೋಡ ಅಡ್ಡ ಬಂದರೆ ರೆಕ್ಕೆ ಮುಚ್ಚಿಬಿಡುತ್ತದೆ. ಜೇನುನೊಣಗಳೂ ಹಾಗೆಯೇ, 10 ಡಿಗ್ರಿಗಿಂತ ಕೆಳಗೆ ಗೂಡು ಬಿಟ್ಟು ಹೊರಡುವುದು ಅಪರೂಪ. ನಿಮ್ಮ ಥರ್ಮಾಮೀಟರ್ ಕೆಲಸಕ್ಕೆ ಬರುವುದು ಈಗ. ಮೊದಲ ನೊಣ ಬಂದಾಗ ತಾಪಮಾನ ಎಷ್ಟಿತ್ತು ಅಂತ ಪ್ರತಿ ಸಲ ಬರೆಯಿರಿ. ಎರಡು ವಾರದಲ್ಲಿ ನಿಮ್ಮ ತೋಟದ ಅಂಕಿ ಯಾವುದು ಅಂತ ನಿಮಗೇ ಕಾಣುತ್ತದೆ.

ಹೂವಿನ ಮೇಲೆ ಕೂತದ್ದೆಲ್ಲ ಜೇನುನೊಣ ಅಲ್ಲ. ಹಳದಿ ಕಪ್ಪು ಪಟ್ಟೆ ಇದ್ದು, ಗಾಳಿಯಲ್ಲಿ ನಿಂತಲ್ಲೇ ನಿಂತು, ತಟಕ್ಕನೆ ಪಕ್ಕಕ್ಕೆ ಸರಿಯುವುದು ಹೂನೊಣ. ರೆಕ್ಕೆ ಎಣಿಸಿದರೆ ಗೊತ್ತಾಗುತ್ತದೆ. ಜೇನಿಗೆ ನಾಲ್ಕು, ಹೂನೊಣಕ್ಕೆ ಎರಡೇ. ಹೂನೊಣದ ಕಣ್ಣುಗಳು ಮುಖ ತುಂಬಾ ಇರುತ್ತವೆ, ಮೀಸೆಗಳು ಮೋಟು. ಅದು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಭಯವಿಲ್ಲದೆ ಹತ್ತಿರ ಹೋಗಿ ನೋಡಿ.

ಈಗ ಗುಲಾಬಿಯ ಅಥವಾ ದಾಸವಾಳದ ಎಳೆ ಚಿಗುರು ಹಿಡಿದು, ಎಲೆ ತಿರುಗಿಸಿ, ಭೂತಗನ್ನಡಿ ಇಡಿ. ಸಣ್ಣ ಹಸಿರು ಹುಳುಗಳು ಒತ್ತೊತ್ತಾಗಿ ಕೂತಿದ್ದರೆ ಅವು ಸಸ್ಯಹೇನು. ಈ ಕಾಲದಲ್ಲಿ ಹೆಣ್ಣು ಹೇನುಗಳು ಗಂಡಿನ ಅಗತ್ಯವಿಲ್ಲದೆ, ಮೊಟ್ಟೆಯೂ ಇಡದೆ ನೇರ ಮರಿ ಹಾಕುತ್ತವೆ. ಅದಕ್ಕೇ ನಾಲ್ಕು ದಿನದಲ್ಲಿ ಚಿಗುರು ತುಂಬಿಬಿಡುತ್ತದೆ. ಇರುವೆಗಳು ಮೇಲೆ ಕೆಳಗೆ ಓಡಾಡುತ್ತಿರುತ್ತವೆ. ಹೇನಿನ ಬೆನ್ನನ್ನು ಮೀಸೆಯಿಂದ ತಟ್ಟಿ, ಅದು ಬಿಡುವ ಸಿಹಿ ಹನಿಯನ್ನು ಕುಡಿಯುತ್ತವೆ. ಬದಲಿಗೆ ಹೇನುಗಳಿಗೆ ಕಾವಲು.

ಇಲ್ಲಿ ಎಲ್ಲರೂ ಔಷಧಿ ಹೊಡೆಯುತ್ತಾರೆ. ಸ್ವಲ್ಪ ತಡೆಯಿರಿ. ಕೆಲವು ದಿನಗಳಲ್ಲಿ ಎಲೆಯ ಅಡಿಯಲ್ಲಿ ನೆಟ್ಟಗೆ ನಿಲ್ಲಿಸಿದ ಹಳದಿ ಮೊಟ್ಟೆಗಳ ಗುಂಪು ಕಾಣಬಹುದು. ಅದು ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯ ಗುಲಗಂಜಿ ಹುಳುವಿನದು. ಅದರ ಮರಿ ತಾಯಿಯ ಹಾಗೆ ಗುಂಡಗೆ ಇರುವುದಿಲ್ಲ. ಉದ್ದಕ್ಕೆ, ಕಪ್ಪಗೆ, ಮೈಮೇಲೆ ಕಿತ್ತಳೆ ಮಚ್ಚೆ, ಆರು ಕಾಲು, ಪುಟ್ಟ ಮೊಸಳೆಯ ಹಾಗೆ ಕಾಣುತ್ತದೆ. "ಏನೋ ಕೆಟ್ಟ ಹುಳ" ಅಂತ ಹೊಸಕಿಹಾಕುವುದು ತುಂಬಾ ಸಾಮಾನ್ಯ. ಹೇನುಗಳನ್ನು ತಿನ್ನುವುದೇ ಅದು. ಹೇನು ಕಂಡ ತಾರೀಕು, ಮೊಟ್ಟೆ ಕಂಡ ತಾರೀಕು, ಮರಿ ಕಂಡ ತಾರೀಕು, ಹೇನು ಕಡಿಮೆಯಾದ ತಾರೀಕು ಬರೆಯಿರಿ. ಒಂದೇ ಚಿಗುರಿನ ಈ ನಾಲ್ಕು ತಾರೀಕು ನಿಮಗೆ ಕಲಿಸುವಷ್ಟನ್ನು ಯಾವ ಪಾಠವೂ ಕಲಿಸುವುದಿಲ್ಲ.

ಇನ್ನೊಂದು ಕಾರಣಕ್ಕೂ ಔಷಧಿ ಬೇಡ. ಕಾಳು ತಿನ್ನುವ ಗುಬ್ಬಚ್ಚಿ ಕೂಡ ತನ್ನ ಮರಿಗೆ ಮೊದಮೊದಲು ತಂದುಕೊಡುವುದು ಹುಳುಗಳನ್ನೇ. ಕಂಬಳಿಹುಳ ಇಲ್ಲದ ತೋಟದಲ್ಲಿ ಮರಿಗಳಿಗೆ ಊಟವಿಲ್ಲ.

9. ನೆಲ, ನೀರು, ರಾತ್ರಿ

ಮಳೆ ಬಂದ ಮರುದಿನ ಎರೆಹುಳು ಮೇಲೆ ಬಂದಿವೆಯೇ ನೋಡಿ. ಬೆಚ್ಚಗಿನ ಒದ್ದೆ ಸಂಜೆ ಕಪ್ಪೆಗಳು ಹೊರಡುತ್ತವೆ. ಕೊಳವಿದ್ದರೆ ಮೊಟ್ಟೆ ಹುಡುಕಿ. ಮುದ್ದೆ ಮುದ್ದೆಯಾಗಿದ್ದರೆ ಸಾಮಾನ್ಯವಾಗಿ ಕಪ್ಪೆಯದು, ಮಣಿಸರದ ಹಾಗೆ ಉದ್ದಕ್ಕಿದ್ದರೆ ನೆಲಗಪ್ಪೆಯದು. ಟಾರ್ಚ್ ಬೆಳಕನ್ನು ಕಣ್ಣಿಗೆ ಬಿಡಬೇಡಿ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೆಯೇ ವಾಪಸು ಇಡಿ. ಎತ್ತುವಾಗ ಆಚೆ ಬದಿ ಹಿಡಿದು ನಿಮ್ಮ ಕಡೆಗೆ ಎತ್ತಿ. ಒಳಗೆ ಹಾವು, ಚೇಳು ಇದ್ದರೆ ಅದು ನಿಮ್ಮಿಂದ ಆಚೆ ಹೋಗುತ್ತದೆ.

10. ಬರೆಯುವುದು, ತಿಂಗಳಿಗೊಮ್ಮೆ ಓದುವುದು

ದಿನಕ್ಕೊಂದು ಸಾಲು: ತಾರೀಕು, ಹೊತ್ತು, ಕನಿಷ್ಠ, ಗರಿಷ್ಠ, ಮಳೆ, ಮೋಡ, ಗಾಳಿ, ಇಬ್ಬನಿ, ಆಮೇಲೆ ಕಂಡದ್ದು. ಕಂಡದ್ದನ್ನು ಅಲ್ಲೇ ಬರೆಯಿರಿ. ರಾತ್ರಿ ನೆನಪಿನಿಂದ ಬರೆದರೆ ಎರಡು ಮೂರಾಗುತ್ತದೆ. ಕಾಣದ್ದನ್ನೂ ಬರೆಯಿರಿ: "ಚಿಟ್ಟೆ ಇಲ್ಲ."

ತಿಂಗಳ ಕೊನೆಗೆ ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ದಿನದ ಗರಿಷ್ಠ, ಕನಿಷ್ಠ ಕೂಡಿಸಿ ಎರಡರಿಂದ ಭಾಗಿಸಿ, ಅದರಿಂದ 10 ಕಳೆಯಿರಿ. ಗರಿಷ್ಠ 24, ಕನಿಷ್ಠ 12 ಆದರೆ ಸರಾಸರಿ 18, ಉಳಿದದ್ದು 8. ಸೊನ್ನೆಗಿಂತ ಕಡಿಮೆ ಬಂದರೆ 0 ಅಂತ ಇಟ್ಟುಕೊಳ್ಳಿ. ಇದನ್ನು ದಿನಾ ಕೂಡಿಸುತ್ತಾ ಹೋಗಿ. ಇದಕ್ಕೆ ಡಿಗ್ರಿ-ದಿನ ಅನ್ನುತ್ತಾರೆ. ಹುಳುಗಳು ಬೆಳೆಯುವುದು ಕ್ಯಾಲೆಂಡರ್ ನೋಡಿ ಅಲ್ಲ, ಹೀಗೆ ಕೂಡುತ್ತಾ ಬಂದ ಬಿಸಿಯಿಂದ. 10 ಅನ್ನುವುದು ತುಂಬಾ ಕಡೆ ಬಳಸುವ ಅಂಕಿ, ಹುಳುವಿನಿಂದ ಹುಳುವಿಗೆ ಅದು ಬದಲಾಗುತ್ತದೆ. ಈ ವರ್ಷ ಮೊದಲ ಚಿಟ್ಟೆ ಹತ್ತು ದಿನ ಮುಂಚೆ ಬಂದರೆ, ಎರಡು ವರ್ಷದ ಡಿಗ್ರಿ-ದಿನ ಪಕ್ಕಪಕ್ಕ ಇಟ್ಟು ನೋಡಿ.

ನಿಮ್ಮ ದಾಖಲೆ ಇತರರಿಗೂ ಸಿಗಲಿ ಅನ್ನಿಸಿದರೆ ಹಕ್ಕಿಗಳಿಗೆ ಇ-ಬರ್ಡ್, ಎಲ್ಲ ಜೀವಿಗಳಿಗೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳಿವೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತದೆ. 1998ರಲ್ಲಿ ಶುರುವಾದ ಈ ಎಣಿಕೆಗೆ ಕನಿಷ್ಠ 15 ನಿಮಿಷ ಕೂತು ನೋಡಿದರೆ ಸಾಕು, ನಿಮ್ಮ ದಿನದ ಅಭ್ಯಾಸವೇ ಅಷ್ಟಿದೆ. ಫೋಟೋ ಹಾಕುವಾಗ ಗೂಡಿನ ಜಾಗ ಮಾತ್ರ ಬಹಿರಂಗ ಮಾಡಬೇಡಿ. ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ಆಯ್ಕೆ ಇದೆ, ಅದನ್ನು ಬಳಸಿ. ಮರಿಗಳು ಹಾರಿಹೋಗುವವರೆಗೆ ಗೂಡಿನ ಫೋಟೋ ಹಾಕದಿರುವುದು ಇನ್ನೂ ಒಳ್ಳೆಯದು.